ಎರಡು ಸೈಲೆನ್ಸರ್, ಒಂದೇ ಹಟ

ಜಾವಾ, ಯೆಜ್ಡಿ ಬೈಕು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಗೆ 1996ರಲ್ಲೇ ಬೀಗ ಬಿತ್ತು. ಆ ಸುದ್ದಿ ಕೊಡಗಿನ ತೋಟದ ಶೆಡ್ಡುಗಳಿಗೆ ಇನ್ನೂ ತಲುಪಿದಂತಿಲ್ಲ. ಅಲ್ಲಿ ಜಾವಾ 250 ವಾಸಿಯೋ, ಯೆಜ್ಡಿ ರೋಡ್‌ಕಿಂಗ್ ವಾಸಿಯೋ ಎಂಬ ಜಗಳ ಈಗಲೂ ನಡೆಯುತ್ತದೆ.

ಲೆಕ್ಕದಲ್ಲಿ ರೋಡ್‌ಕಿಂಗ್‌ಗೇ ಗೆಲುವು: ಜಾವಾದ್ದು ಸುಮಾರು 12 ಅಶ್ವಶಕ್ತಿ, ಇದರದ್ದು 16. ಆದರೆ ತೋಟದ ಕೆಸರು ಲೆಕ್ಕ ಓದುವುದಿಲ್ಲ. ಜಾವಾದ ಚಕ್ರ 16 ಇಂಚಿನದು, ಗಾಡಿ ತಗ್ಗು. ಜಾರಿದರೆ ಎರಡೂ ಕಾಲು ಊರಿ ಮರ್ಯಾದೆ ಉಳಿಸಿಕೊಳ್ಳಬಹುದು. 18 ಇಂಚಿನ ರೋಡ್‌ಕಿಂಗ್‌ಗೆ ಕುಶಾಲನಗರದ ಕಡೆಯ ನೇರ ರಸ್ತೆಯೇ ಸರಿ.

ಮಳೆಗಾಲದಲ್ಲಿ ಮಾತ್ರ ಎರಡೂ ಒಂದೇ ಥರ ಮುನಿಯುತ್ತವೆ. ಬಲಗಡೆ ಕವರಿನೊಳಗೆ ತೆರೆದು ಮುಚ್ಚಿ ಕಿಡಿ ಹೊರಡಿಸುವ ಪಾಯಿಂಟಿಗೆ ತೇವ ಸೇರಿದರೆ ಕಿಡಿ ಸತ್ತಂತೆ. ಬಟ್ಟೆಯಿಂದ ಒರೆಸಿ, ತುಟಿ ಸುಟ್ಟಿದ್ದರೆ ನಯವಾದ ಮರಳು ಕಾಗದ ಆಡಿಸಿ, ಸಂದನ್ನು 0.4 ಮಿ.ಮೀ.ಗೆ ಕೂರಿಸಬೇಕು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲವೇ? ನಾಲ್ಕು ಶೇವಿಂಗ್ ಬ್ಲೇಡ್ ಜೋಡಿಸಿದರೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಮಾರನೇ ಬೆಳಿಗ್ಗೆ ಅವನ್ನೇ ಗಡ್ಡಕ್ಕೆ ತರಬೇಡಿ.

ಕಿಕ್ಕರ್, ಗೇರ್ ಎರಡಕ್ಕೂ ಎಡಗಡೆಯ ಒಂದೇ ಲಿವರ್. ಒಳಕ್ಕೆ ಒತ್ತಿ ಎತ್ತಿ ತಿರುಗಿಸಿದರೆ ಕಿಕ್ಕರ್, ಮತ್ತೆ ಮುಂದಕ್ಕೆ ಬಂದರೆ ಗೇರ್. ಸ್ಪ್ರಿಂಗ್ ಸೋತರೆ ಅದು ಮೇಲೇ ನಿಂತುಬಿಡುತ್ತದೆ. ಎಂಜಿನ್ ಭೋರ್ಗರೆಯುತ್ತದೆ, ಗಾಡಿ ಹಂದಾಡುವುದಿಲ್ಲ. ನೋಡುವವರಿಗೆ ಬೊಬ್ಬೆಯ ಪ್ರದರ್ಶನ.

ನಿಜವಾದ ಗಂಡಾಂತರ ಇಳಿಜಾರಿನಲ್ಲಿದೆ. ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಲೀಟರಿಗೆ 40 ಮಿ.ಲೀ. ಟು-ಟಿ ಆಯಿಲ್. ಮಡಿಕೇರಿಯಿಂದ ಸಂಪಾಜೆಯವರೆಗೆ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಇಳಿದರೆ ಪಿಸ್ಟನ್ ವೇಗವಾಗಿ ಓಡುತ್ತಲೇ ಇರುತ್ತದೆ, ಎಣ್ಣೆ ಮಾತ್ರ ತೊಟ್ಟಿಕ್ಕುವುದಿಲ್ಲ. ಪೆಟ್ರೋಲ್ ಉಳಿಸುವ ಈ ಜಾಣತನ ಕೊನೆಗೆ ಪಿಸ್ಟನ್ ಹಿಡಿದು, ಸಿಲಿಂಡರ್ ಕೊರೆಸುವ ಬೋರ್ ಕೆಲಸಕ್ಕೆ ಕೈಹಾಕಿಸುತ್ತದೆ. ತಿರುವಿಗೊಮ್ಮೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ. ಟು-ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಅಷ್ಟೇನೂ ತಡೆಯದು. ಡ್ರಮ್ ಬ್ರೇಕೂ ಬಿಸಿಯಾಗಿ ಸಡಿಲಗೊಳ್ಳುತ್ತದೆ, ಹಾಗಾಗಿ ನಡುವೆ ನಿಂತು ತಣಿಸುವುದೂ ಒಳ್ಳೆಯದೇ.

ಒಂದು ವೇಳೆ ಪಿಸ್ಟನ್ ಹಿಡಿದುಕೊಂಡರೆ ಕಿಕ್ ಹೊಡೆಯಬೇಡಿ. ಪೂರ್ತಿ ತಣ್ಣಗಾಗಲಿ, ಪ್ಲಗ್ ಬಿಚ್ಚಿ ಒಳಕ್ಕೆ ನಾಲ್ಕು ಹನಿ ಎಣ್ಣೆ ಬಿಟ್ಟು, ಗಾಡಿಯನ್ನು ಗೇರಿನಲ್ಲಿಟ್ಟು ಮೆಲ್ಲನೆ ಹಿಂದೆ-ಮುಂದೆ ತಳ್ಳಿ. ಅಷ್ಟರಲ್ಲಿ ಜೀಪೊಂದು ನಿಂತು, ಒಳಗಿನಿಂದ ಯಾರೋ ತಲೆ ಹೊರಹಾಕಿ, “ಅಣ್ಣ, ಎರಡು ಸೈಲೆನ್ಸರ್ ಇದೆಯಲ್ಲ, ಇನ್ನೊಂದು ಸಿಲಿಂಡರಲ್ಲಿ ಹೋಗಿ” ಎನ್ನುತ್ತಾರೆ. ಸಿಲಿಂಡರ್ ಒಂದೇ ಎಂದು ವಿವರಿಸಲು ಹೋಗಬೇಡಿ. ಅವರ ಬಳಿ ಹಗ್ಗ ಇದೆಯೇ ಕೇಳಿ.