ಸ್ಪಷ್ಟನೆ: ಪ್ರೊಲಾಗ್ ವಿಶ್ಲೇಷಣೆ 'ಮುಗಿಯೋದೇ ಇಲ್ಲ' ಎಂಬ ಮಾತು

ಕಾರವಾರದ ನಮ್ಮ ಓದುಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ: 'ಪ್ರೊಲಾಗ್‌ಗೆ ಗ್ರೌಂಡ್‌ನೆಸ್ ವಿಶ್ಲೇಷಣೆ ಎಕ್ಸ್‌ಪೊನೆನ್ಷಿಯಲ್. ಮುಗಿಯೋದೇ ಇಲ್ಲ, ಪ್ರಾಜೆಕ್ಟಿಗೆ ಬೇಡ.'

ಅರ್ಧ ಸರಿ, ಅರ್ಧ ತಪ್ಪು.

ಪ್ರೊಲಾಗ್ ಎಂದರೆ ತರ್ಕದ ನಿಯಮಗಳ ರೂಪದಲ್ಲಿ ಪ್ರೋಗ್ರಾಮ್ ಬರೆಯುವ ಭಾಷೆ. ಪ್ರೋಗ್ರಾಮ್ ಓಡಿಸದೆಯೇ, ಅದರೊಳಗಿನ ಒಂದು ಕರೆ (call) ಮುಗಿದಾಗ ಯಾವ ವೇರಿಯಬಲ್‌ಗೆ ಪೂರ್ತಿ ಬೆಲೆ (ಒಳಗೆ ಏನೂ ಖಾಲಿ ಉಳಿಯದ ಮೌಲ್ಯ) ಸಿಕ್ಕಿರುತ್ತದೆ ಎಂದು ಹೇಳುವುದೇ ಗ್ರೌಂಡ್‌ನೆಸ್ ವಿಶ್ಲೇಷಣೆ. ಇದಕ್ಕೆ ಬೂಲಿಯನ್ ಫಲನಗಳನ್ನು, ಅಂದರೆ 'ಇದು ಪೂರ್ತಿಯಾದರೆ ಅದೂ ಪೂರ್ತಿ' ಎಂಬಂಥ ಹೌದು-ಇಲ್ಲ ಸೂತ್ರಗಳನ್ನು, ಬಳಸುತ್ತಾರೆ. ಉತ್ತರ ಬದಲಾಗದೆ ನಿಲ್ಲುವವರೆಗೂ ಸುತ್ತು ಸುತ್ತಾಗಿ ಲೆಕ್ಕ ಹಾಕುತ್ತಾರೆ. ಆ ಸೂತ್ರಗಳ ಸಂಖ್ಯೆಗೆ ಮಿತಿ ಇದೆ, ಬದಲಾದ ಪ್ರತಿ ಸುತ್ತಿನಲ್ಲೂ ಉತ್ತರ ಮೆಟ್ಟಿಲು ಹತ್ತಿದಂತೆ ಮೇಲಕ್ಕೇ ಹೋಗುತ್ತದೆ, ಕೆಳಗಿಳಿಯುವುದಿಲ್ಲ. ಹಾಗಾಗಿ ನಿಂತೇ ನಿಲ್ಲುತ್ತದೆ. ಮುಗಿಯುತ್ತೋ ಇಲ್ಲವೋ ಹೇಳಲಾಗದ್ದು ಮೂಲ ಪ್ರೋಗ್ರಾಮ್, ವಿಶ್ಲೇಷಣೆಯಲ್ಲ.

ಎಕ್ಸ್‌ಪೊನೆನ್ಷಿಯಲ್ (ಒಂದು ಹೆಚ್ಚಿದಾಗಲೆಲ್ಲ ಮಿತಿ ದುಪ್ಪಟ್ಟಾಗುವುದು) ಅನ್ನೋದು ನಿಜ. ಆದರೆ ಯಾವುದರ ಮೇಲೆ? ಸಾಲುಗಳ ಮೇಲಲ್ಲ, ಮುಖ್ಯವಾಗಿ ಒಂದು ಪ್ರೆಡಿಕೇಟ್‌ಗಿರುವ (ಒಂದೇ ಹೆಸರಿನ ನಿಯಮಗಳ ಗುಂಪು) ಆರ್ಗ್ಯುಮೆಂಟುಗಳ (ಅದಕ್ಕೆ ಕೊಡುವ ಅಂಶಗಳು) ಸಂಖ್ಯೆಯ ಮೇಲೆ. 3 ಇದ್ದರೆ ಹೆಚ್ಚೆಂದರೆ 8 ಮೆಟ್ಟಿಲು. 20 ಇದ್ದರೆ 10,48,576. ಬೈನರಿ ಕೌಂಟರಿನಂತೆ ಒಂದೊಂದೇ ಮೆಟ್ಟಿಲು ಹತ್ತಿಸುವ ಪ್ರೋಗ್ರಾಮ್ ಬೇಕಂತಲೇ ಬರೆಯಬಹುದು.

ಈಗ ಎಲ್ಲರೂ ಬರೆಯುವ ಅಪೆಂಡ್ ನೋಡಿ: ಮೊದಲೆರಡು ಪಟ್ಟಿ ಜೋಡಿಸಿದರೆ ಮೂರನೆಯದು ಬರುತ್ತದೆ ಎನ್ನುವ, 3 ಆರ್ಗ್ಯುಮೆಂಟಿನ ಪ್ರೆಡಿಕೇಟ್. ಮೊದಲ ಸುತ್ತು: ಮೊದಲ ಪಟ್ಟಿ ಪೂರ್ತಿ, ಎರಡನೆಯದೂ ಮೂರನೆಯದೂ ಒಂದೇ ಗತಿ (ಒಂದು ಪೂರ್ತಿಯಾದರೆ ಇನ್ನೊಂದೂ ಪೂರ್ತಿ). ಎರಡನೇ ಸುತ್ತು: ಮೊದಲೆರಡೂ ಪೂರ್ತಿಯಾದರೆ ಮೂರನೆಯದೂ ಪೂರ್ತಿ, ಮೂರನೆಯದು ಪೂರ್ತಿಯಾದರೆ ಮೊದಲೆರಡೂ ಪೂರ್ತಿ. ಮೂರನೇ ಸುತ್ತಿನಲ್ಲಿ ಏನೂ ಬದಲಾಗುವುದಿಲ್ಲ. ಮುಗೀತು!

ಮಳೆಗಾಲದಲ್ಲಿ ದೇವಿಮನೆ ಘಟ್ಟ ಕುಸಿದರೆ ಶಿರಸಿ ಬಸ್ಸು ನಿಲ್ಲುತ್ತದೆ. ಹಾಗಂತ ಜನವರಿಯಲ್ಲೂ ಬಸ್ ಹತ್ತದೆ ಇರ್ತೀವಾ? ಆದರೆ 20 ಆರ್ಗ್ಯುಮೆಂಟಿನ ಪ್ರೆಡಿಕೇಟ್ ಬರೆದಿದ್ದರೆ ಮಾತ್ರ ಸ್ವಲ್ಪ ಜೋಪಾನ.