ಸಿಸಿ (ಎಂಜಿನ್ ಗಾತ್ರ) ಕಡಿಮೆ ಆದ್ರೆ ತಾಕತ್ತು ಕಡಿಮೆನಾ?

ಅಮೆರಿಕದ ಪಿಕಪ್ ಫೋರ್ಡ್ ಎಫ್-150 ರಾಪ್ಟರ್‌ನ ಎರಡನೇ ತಲೆಮಾರಿನಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ತೆಗೆದು, ಆರು ಸಿಲಿಂಡರಿನ ಟರ್ಬೊ ವಿ6 (ಟರ್ಬೊ ಅಂದ್ರೆ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಕೂರಿಸಿದ್ದರಿಂದ ಗಾಡಿಯ ತಾಕತ್ತೇ ಹೋಯಿತು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಸದ್ದು ಹೋಯಿತು ಅಂದಿದ್ರೆ ಒಪ್ಪುತ್ತಿದ್ದೆ. ಹಳೆಯ 6.2 ಲೀಟರ್ ಎಂಜಿನ್ ಕೊಡುತ್ತಿದ್ದದ್ದು 411 ಅಶ್ವಶಕ್ತಿ, 2017ರ 3.5 ಲೀಟರಿನದು 450. ಅಮೆರಿಕ ಬಿಡಿ, ನಮ್ಮಲ್ಲೇ ಇಸುಜು ವಿ-ಕ್ರಾಸ್ ಪಿಕಪ್ 2.5ರಿಂದ 1.9 ಲೀಟರಿಗೆ ಇಳಿದರೂ ಟಾರ್ಕ್ (ಚಕ್ರ ತಿರುಗಿಸುವ ಬಲ) 320ರಿಂದ 360 ನ್ಯೂಟನ್ ಮೀಟರ್‌ಗೆ ಏರಿತಲ್ವಾ?

ನಿಮ್ಮ ಮಾತಲ್ಲಿ ಒಂದು ನಿಜ ಇದೆ. ಟರ್ಬೊ ತಿರುಗೋಕೆ ಎಂಜಿನ್ ಹೊಗೆಯ ಒತ್ತಡ ಬೇಕು, ಕಡಿಮೆ ಆರ್‌ಪಿಎಂನಲ್ಲಿ, ಅಂದ್ರೆ ಎಂಜಿನ್ ನಿಧಾನ ತಿರುಗುವಾಗ, ಅದು ಸಾಲದು. ಮಳೆಗಾಲದಲ್ಲಿ ಸಿಂಧನೂರು ಕಡೆಯ ಎರೆ ಹೊಲದ ದಾರಿಗೆ ಇಳಿದವರಿಗೆ ಗೊತ್ತು. ಮೊದಲು ಗಾಡಿ ಅಲ್ಲಾಡುವುದಿಲ್ಲ, ಆಮೇಲೆ ಒಮ್ಮೆಲೇ ಎಳೆತ ಬಂದು ಚಕ್ರ ಸುಮ್ನೆ ತಿರುಗಿ ಇನ್ನೂ ಆಳಕ್ಕೆ ಹೂತುಕೊಳ್ಳುತ್ತದೆ. ನಾನೂ ಹಾಗೆ ಹೂತು ಟ್ರ್ಯಾಕ್ಟರ್ ಕರೆಸಿದವನೇ. ತಪ್ಪು ಎಂಜಿನ್‌ದಲ್ಲ, ನಾನು ಲೋ ರೇಂಜ್ (ನಿಧಾನಕ್ಕೆ ಹೆಚ್ಚು ಬಲದಿಂದ ಎಳೆಯುವ ಫೋರ್ ವೀಲ್ ಗೇರ್) ಹಾಕಿರಲಿಲ್ಲ. (ಮನೆಯಲ್ಲಿ ಇವತ್ತಿಗೂ ಆ ಮಾತು ಬಿಟ್ಟಿಲ್ಲ.)

ನೀವು ಬರೆಯಬೇಕಿದ್ದದ್ದು ಧೂಳಿನ ಬಗ್ಗೆ. ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಓಡಾಡುವ ನಮ್ಮ ಗಾಡಿಗಳ ಏರ್ ಫಿಲ್ಟರ್ ನೋಡಿ, ಇಟ್ಟಿಗೆ ಬಣ್ಣ! ಫಿಲ್ಟರ್ ಸರಿಯಾಗಿ ಕೂರದಿದ್ದರೆ ಆ ಧೂಳು ಮೊದಲು ತಿನ್ನುವುದೇ ಟರ್ಬೊದ ರೆಕ್ಕೆಗಳನ್ನು. ಜೊತೆಗೆ ಬಳ್ಳಾರಿ ಬಿಸಿಲು ಬೇರೆ. ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ ಕೆಸರು ಮೆತ್ತಿಕೊಂಡಿದ್ದರೆ ಒಳಗೆ ಹೋಗುವ ಗಾಳಿ ತಣ್ಣಗಾಗದೆ ಎಳೆತ ತಾನಾಗೇ ಬೀಳುತ್ತದೆ. ಟರ್ಬೊ ಇಲ್ಲದ ಹಳೆಯ ವಿ8ಗೆ ಈ ಎರಡು ತಲೆನೋವು ಇರಲೇ ಇಲ್ಲ.