ಬೈಕಿಗೆ ಐದು ಲೀಟರ್, ಕಬ್ಬಿಗೆ ಎಷ್ಟು?

ನಿನ್ನೆ ಮಂಡ್ಯದಲ್ಲಿ ಬೈಕಿಗೆ ಐದು ಲೀಟರ್ ಪೆಟ್ರೋಲ್ ಹಾಕಿಸುತ್ತಿದ್ದೆ. ಪಂಪಿನ ಮೇಲೆ ಇ20 ಅಂತ ಬರೆದಿತ್ತು, ಅಂದರೆ ಕಬ್ಬಿನಿಂದಲೂ ತೆಗೆಯುವ ಎಥೆನಾಲ್ ಅನ್ನೋ ಮದ್ಯಸಾರ ಶೇ 20ರಷ್ಟು ಬೆರೆಸಿದ ಪೆಟ್ರೋಲ್. ಜೊತೆಗಿದ್ದ ದೊಡ್ಡಪ್ಪ ಅದೇನು ಅಂತ ಕೇಳಿ ತಿಳಿದುಕೊಂಡು ನಕ್ಕರು. "ನಾವ್ ಬೆಳ್ದಿದ್ ಕಬ್ಬ ನಿನ್ ಗಾಡಿ ಕುಡೀತದೆ ಕನ್ಲಾ!" ನನಗೂ ಸ್ವಲ್ಪ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.

ಪರಿಸರ ಕಾಪಾಡಬೇಕು ಅಂತ ಸಂವಿಧಾನದ 48ಎ ವಿಧಿ 1976ರ ತಿದ್ದುಪಡಿಯಿಂದ ಹೇಳುತ್ತಲೇ ಇದೆ. ಅದು ನಿರ್ದೇಶಕ ತತ್ವ, ಅಂದರೆ ಕೋರ್ಟಿಗೆ ಹೋಗಿ ಜಾರಿ ಮಾಡಿಸಲು ಬರದ ಸೂಚನೆ; ಒಳ್ಳೆ ಮಾತು, ಅಷ್ಟೇ. ಎಥೆನಾಲ್ ಹಾಗಲ್ಲ. ಪೆಟ್ರೋಲಿಗೆ ಶೇ 20ರಷ್ಟು ಬೆರೆಸಲು 2018ರ ಜೈವಿಕ ಇಂಧನ ನೀತಿಯಲ್ಲಿ 2030ರ ಗಡುವಿತ್ತು, 2021ರ ಪರಿಸರ ದಿನದಂದು ಅದನ್ನು 2025ಕ್ಕೆ ಎಳೆದರು. ಕೆಲಸ ಓಡಿದ್ದು ಭಾಷಣದಿಂದಲ್ಲ, ಸರ್ಕಾರ ಕಟ್ಟಿದ ರೇಟಿನಿಂದ. 2022-23ರಲ್ಲಿ ಕಬ್ಬಿನ ಹಾಲಿನಿಂದಲೇ ಮಾಡಿದ ಎಥೆನಾಲ್‌ಗೆ ಲೀಟರಿಗೆ 65.61 ರೂಪಾಯಿ, ಸಕ್ಕರೆ ಪೂರ್ತಿ ತೆಗೆದ ಮೇಲೆ ಉಳಿಯುವ ಕಾಕಂಬಿಯಿಂದ ಮಾಡಿದ್ದಕ್ಕೆ 49.41. ಫ್ಯಾಕ್ಟರಿಯವರು ಯಾವುದನ್ನು ಮಾಡುತ್ತಾರೆ ಅಂತ ಬೇರೆ ಹೇಳಬೇಕಾ?

ಆ ರೇಟಿನೊಳಗೆ ನೀರಿನ ಲೆಕ್ಕ ಎಲ್ಲಿದೆ? ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ಸಕ್ಕರೆಯಿಂದ ಒಂದು ಲೀಟರ್ ಎಥೆನಾಲ್ ಆಗಲು ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ನನ್ನ ಐದು ಲೀಟರಿನಲ್ಲಿ ಒಂದು ಲೀಟರ್ ಎಥೆನಾಲ್. ಅದು ಕಬ್ಬಿನದ್ದೇ ಆಗಿದ್ದರೆ (ಮೆಕ್ಕೆಜೋಳದ್ದೂ ಬರುತ್ತದೆ ಬಿಡಿ) ಹತ್ತಿರ ಹತ್ತಿರ ಅರ್ಧ ಟ್ಯಾಂಕರ್ ನೀರು ಬೈಕಿಗೆ ಹೋಯಿತು.

2023 ನೆನಪಿದೆ ಅಲ್ವಾ? ಕೆಆರ್‌ಎಸ್ ತುಂಬಲಿಲ್ಲ, ತಮಿಳುನಾಡಿಗೆ ನೀರು ಬಿಡಬೇಡಿ ಅಂತ ನಾವೆಲ್ಲ ರಸ್ತೆಯಲ್ಲಿ ಕೂತಿದ್ದೆವು. ಅದೇ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನು ತಡೆಯಿತು, ಕೆಲವೇ ದಿನಗಳಲ್ಲಿ ಸ್ವಲ್ಪ ಸಡಿಲವನ್ನೂ ಮಾಡಿತು. ತಡೆದಿದ್ದು ನೀರಿಲ್ಲ ಅಂತಲ್ಲ, ಸಕ್ಕರೆ ಸಾಲದು ಅಂತ.

ಕಬ್ಬು ಬಿಡಿ ಅಂತ ರೈತನಿಗೆ ಸುಮ್ನೆ ಬುದ್ಧಿ ಹೇಳುವವರ ಮೇಲೆ ನನಗೆ ಸಿಟ್ಟಿದೆ. ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ) ನೀರು ಬಂದರೂ ಒಣಗದೆ ನಿಲ್ಲುವ ಬೆಳೆ, ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಬೇರೆ ಬರುತ್ತದೆ, ಯಾಕೆ ಬಿಡುತ್ತಾರೆ? ಹಾಲಿಗೊಂದು ರೇಟು, ಕಾಕಂಬಿಗೊಂದು ರೇಟು ಕಟ್ಟಲು ಬರುವ ಸರ್ಕಾರಕ್ಕೆ ಹನಿ ನೀರಾವರಿಯ ಕಬ್ಬಿಗೆ ಒಂದು ರೇಟು ಕಟ್ಟಲು ಬರುವುದಿಲ್ಲವಾ? ಆ ಜಾಸ್ತಿ ದುಡ್ಡು ಫ್ಯಾಕ್ಟರಿಯಲ್ಲೇ ನಿಲ್ಲದೆ ರೈತನ ಖಾತೆಗೆ ಬರಬೇಕು, ಅಷ್ಟೇ.

ಇದನ್ನೇ ದೊಡ್ಡಪ್ಪನಿಗೆ ಹೇಳಿದೆ. "ಮೊದ್ಲು ಹೋದ್ ವರ್ಸದ ಕಬ್ಬಿನ ಬಾಕಿ ಕೊಡ್ಸಪ್ಪ, ಆಮೇಲೆ ಪೈಪ್ ಎಳ್ಸನ" ಅಂದರು.